ಮುಸುಕಿನ ಎದುರು ಕೂತವರು

ನಮ್ಮ ಡ್ರಾಯಿಂಗ್ ಮೇಷ್ಟ್ರು ಯಾರನ್ನು ಕಂಡರೂ ಮೊದಲು ಕಾಲು ನೋಡುತ್ತಿದ್ದರು, ಆಮೇಲೆ ಮುಖ. ಹೊಸಬರಿಗೆ ಇದರಿಂದ ಮುಜುಗರವಾಗುತ್ತಿತ್ತು. ಸಗಣಿ ಗಿಗಣಿ ತುಳಿದುಬಿಟ್ಟೆನೇನೋ ಎಂದು ಅವರೂ ಬಗ್ಗಿ ತಮ್ಮ ಕಾಲು ನೋಡಿಕೊಳ್ಳುತ್ತಿದ್ದರು. ನಾನು ಹಾಸನದ ಮಿಷನ್ ಶಾಲೆಗೆ ಕನ್ನಡ ಪಂಡಿತನಾಗಿ ಸೇರಿದ ದಿನ ಹೆಡ್‌ಮಾಸ್ಟರು ಎಲ್ಲರ ಪರಿಚಯ ಮಾಡಿಸಿದರು. ಮಿಕ್ಕವರೆಲ್ಲ ಕೈ ಮುಗಿದರು. ಇವರು ನನ್ನ ಬೂಟುಗಳನ್ನೇ ದಿಟ್ಟಿಸಿ, "ಈ ಬೇಸಿಗೇಲೂ ಬೂಟಾ ಪಂಡಿತರೇ?" ಎಂದರು.

ನನ್ನ ಬೂಟಿಗೆ ಕಾರಣವಿತ್ತು. ಎಡಗಾಲಿನ ಕಿರುಬೆರಳು ಹುಟ್ಟಿನಿಂದಲೇ ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿದೆ. ಚಿಕ್ಕಂದಿನಲ್ಲಿ ಇದಕ್ಕಾಗಿ ಪಟ್ಟ ಗೇಲಿ ಅಷ್ಟಿಷ್ಟಲ್ಲ. ಬರಿಗಾಲಲ್ಲಿ ನಿಲ್ಲಲೇಬೇಕಾದ ಕಡೆ, ಮುಖ್ಯವಾಗಿ ಚರ್ಚಿನಲ್ಲಿ, ಎಡಗಾಲನ್ನು ಬಲಗಾಲಿನ ಹಿಂದಕ್ಕೆ ಸರಿಸಿ ನಿಲ್ಲುವುದು ನನಗೆ ಅಭ್ಯಾಸವಾಗಿಹೋಗಿತ್ತು.

ಆಗಲೇ ಮೇಷ್ಟ್ರಿಗೆ ನಲವತ್ತೈದು ದಾಟಿತ್ತು. ಕಚ್ಚೆ ಪಂಚೆ, ಮೊಣಕೈಯಲ್ಲಿ ತೇಪೆ ಹಾಕಿದ ಕೋಟು, ಕೋಟಿನ ಜೇಬಿನ ತುಂಬ ಇದ್ದಿಲ ಚೂರು. ಮೈಯಿಂದ ಯಾವಾಗಲೂ ಅಂಟು ಕಾಯಿಸಿದ ವಾಸನೆ ಬರುತ್ತಿತ್ತು. ಶಾಲೆಯಲ್ಲಿ ಅವರದು ವಾರಕ್ಕೆ ಕೆಲವೇ ಪೀರಿಯಡ್ಡು. ನಿಜವಾದ ಕೆಲಸ ನಾಟಕದ ಪರದೆ ಬರೆಯುವುದು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಸುತ್ತಿನ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಕಲಿತವರೆಲ್ಲ ಅರಮನೆಗೂ ಕಾಡಿಗೂ ಕೈಲಾಸಕ್ಕೂ ಇವರನ್ನೇ ಹುಡುಕಿಕೊಂಡು ಬರುತ್ತಿದ್ದರು. ಕ್ರೈಸ್ತನಾಗಿ ಕೈಲಾಸ ಬರೆಯಬಹುದೇ ಎಂದು ನಮ್ಮ ಪಾದ್ರಿಗಳು ಒಮ್ಮೆ ಕೇಳಿದರಂತೆ. "ಕೈಲಾಸ ಅಂದ್ರೆ ಬೆಟ್ಟ ಅಲ್ವಾ ಫಾದರ್? ನಾನು ಬೆಟ್ಟ ಬರ್ದೆ. ಅದರ ಮೇಲೆ ಯಾರು ಕೂತ್ಕೋತಾರೆ ಅನ್ನೋದು ನಾಟಕದವರಿಗೆ ಬಿಟ್ಟಿದ್ದು" ಎಂದು ಇವರು ಹೇಳಿದರಂತೆ. ಪಾದ್ರಿಗಳು ನಕ್ಕು ಸುಮ್ಮನಾದರು. ಹಿರಿಯ ಜೀವ, ಒಳ್ಳೆಯವರು. ಊರಿನಲ್ಲಿ ಸದ್ದುಗದ್ದಲ ಆಗದಿದ್ದರೆ ಸಾಕು ಎನ್ನುವ ಪೈಕಿ.

ಒಂದು ಭಾನುವಾರ ಪೂಜೆ ಮುಗಿದ ಮೇಲೆ ಮೇಷ್ಟ್ರು ನನ್ನನ್ನು ಸೈಕಲ್ಲಿನಲ್ಲಿ ಮೊಸಳೆ ಎಂಬ ಹಳ್ಳಿಗೆ ಹೊರಡಿಸಿದರು. ಅಲ್ಲಿನ ಜೋಡಿ ದೇವಸ್ಥಾನಗಳ ಶಿಲ್ಪವನ್ನು ನಾನು ಪಂಡಿತನ ಗತ್ತಿನಲ್ಲಿ ವರ್ಣಿಸುತ್ತ ನಿಂತಿದ್ದರೆ ಇವರು ಗೋಡೆಯ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತುಬಿಟ್ಟಿದ್ದರು.

"ಇಲ್ನೋಡಿ ಪಂಡಿತರೇ. ಕೆತ್ತಿದೋನು ಹಿಮ್ಮಡಿ ಹಿಂಬದಿಗೂ ಗೆಜ್ಜೆ ಕೆತ್ತವ್ನೆ. ಅಲ್ಲಿಗೆ ಯಾರ ಕಣ್ಣೂ ಹೋಗಲ್ಲ."

"ಮತ್ಯಾಕೆ ಕೆತ್ತಿದ?"

"ಕಾಲು ಮುಟ್ಟೋಕೆ ಬಗ್ಗಿದೋನಿಗೆ ಕಾಣ್ಲಿ ಅಂತ ಇರ್ಬೇಕು. ನಮ್ಮ ಚರ್ಚಲ್ಲಿ ನೋಡಿ, ಸಂತರ ಕಾಲೆಲ್ಲ ನಿಲುವಂಗಿ ಒಳಗೆ. ನಮ್ಮೋರಿಗೆ ಮುಖ ಒಂದು ಸಾಕು."

ಕಾಲಿನ ಮೇಲಿದ್ದ ಈ ಹುಚ್ಚೇ ಮುಂದೆ ಅವರನ್ನು ತೊಂದರೆಗೆ ನೂಕಿತು. ಪಾಸ್ಕ ಹಬ್ಬಕ್ಕೆ, ಅಂದರೆ ಈಸ್ಟರಿಗೆ, ಮುಂಚಿನ ಗುರುವಾರ ನಮ್ಮ ಚರ್ಚಿನಲ್ಲಿ ಪಾದ ತೊಳೆಯುವ ವಿಧಿ ಇರುತ್ತದೆ. ಯೇಸುಸ್ವಾಮಿ ಸಾಯುವ ಹಿಂದಿನ ದಿನ ಹನ್ನೆರಡು ಶಿಷ್ಯರ ಕಾಲು ತೊಳೆದ ನೆನಪಿಗಾಗಿ ಪಾದ್ರಿಗಳು ಹನ್ನೆರಡು ಗಂಡಸರ ಕಾಲು ತೊಳೆದು ಒರೆಸುತ್ತಾರೆ. ಆ ಹನ್ನೆರಡು ಜನರ ಪಟ್ಟಿ ಮಾಡುತ್ತಿದ್ದವರು ಇನ್ನಾಸಪ್ಪನವರು. ಚರ್ಚಿನಲ್ಲೂ ಶಾಲೆಯ ಕಮಿಟಿಯಲ್ಲೂ ಅವರದೇ ಮಾತು. ಪಟ್ಟಿಯಲ್ಲಿ ಮರ್ಯಾದಸ್ಥರೇ ಇರಬೇಕು, ಕಾಲು ಸ್ವಚ್ಛವಾಗಿರಬೇಕು ಎಂಬುದು ಅವರ ಕಟ್ಟುನಿಟ್ಟು. ಆ ಹನ್ನೆರಡು ಮಂದಿಯೂ ಮನೆಯಲ್ಲಿ ಎರಡೆರಡು ಸಲ ಸೋಪು ಹಾಕಿ ತಿಕ್ಕಿಕೊಂಡು, ದಾರಿಯ ಧೂಳು ತಗುಲದಿರಲೆಂದು ಜಟಕಾ ಹತ್ತಿ ಬರುತ್ತಿದ್ದರು. ನನ್ನನ್ನೂ ಎರಡು ಸಲ ಕರೆದಿದ್ದರು. ಬೆರಳಿನ ನಾಚಿಕೆಗೆ ಏನೋ ನೆವ ಹೇಳಿ ತಪ್ಪಿಸಿಕೊಂಡಿದ್ದೆ.

"ತೊಳೆದ ಕಾಲನ್ನ ತೊಳೆಯೋಕೆ ಫಾದರ್ ಯಾಕೆ ಬೇಕು?" ಎಂದು ಮೇಷ್ಟ್ರು ಪ್ರತಿ ವರ್ಷ ನಗುತ್ತಿದ್ದರು. ಒಂದು ವರ್ಷ ಪಾದ್ರಿಗಳ ಹತ್ತಿರ ಹೋಗಿ, ಆ ಪಾದ ತೊಳೆಯುವ ಪ್ರಸಂಗವನ್ನೇ ಒಂದು ದೊಡ್ಡ ಚಿತ್ರ ಬರೆದು ಚರ್ಚಿಗೆ ಕೊಡುತ್ತೇನೆ ಎಂದರು. ಕಾಸು ಬೇಡ ಎಂದರು. ಪಾದ್ರಿಗಳು ಸಂತೋಷವಾಗಿ ಒಪ್ಪಿದರು. ಬಲಗಡೆಯ ಗೋಡೆಯಲ್ಲಿ ಜಾಗವೂ ಗೊತ್ತಾಯಿತು.

ಅಲ್ಲಿಂದ ಒಂದು ವರ್ಷ ಮೇಷ್ಟ್ರು ಊರೆಲ್ಲ ಕಾಲು ಹುಡುಕಿಕೊಂಡು ತಿರುಗಿದರು. ಆಲೂಗೆಡ್ಡೆ ಮಂಡಿಯ ಹಮಾಲಿಗಳು, ಶಾಂತಿಗ್ರಾಮದಿಂದ ಹಾಲು ತರುವವರು, ಮಣ್ಣು ಹೊರುವವರು, ಯಾರನ್ನೂ ಬಿಡಲಿಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರ ಜಟಕಾ ಹೊಡೆಯುವ ಒಬ್ಬ ಮುದುಕನ ಕಾಲನ್ನು ಬರೆಯುವಾಗ ನಾನೂ ಇದ್ದೆ.

"ಎಲ್ಲಾ ಬುಟ್ಟು ನನ್ ಕಾಲ್ ಯಾಕ್ ಸಾ? ಇದ್ನ ತಗಂಡೋಗಿ ದ್ಯಾವ್ರು ಮನೇಲಿ ನೇತಾಕ್ತೀರಾ? ಬ್ಯಾಡ ಕಣ್ ಸಾ, ಪಾಪ ಬತ್ತದೆ" ಎಂದು ಅವನು ಕಾಲು ಎಳೆದುಕೊಂಡ.

"ಬಂದ್ರೆ ನನಗೆ ಬರ್ಲಿ, ನೀನು ಕಾಲು ಚಾಚು" ಎಂದರು ಮೇಷ್ಟ್ರು.

ನನ್ನ ಸರದಿಯೂ ಬಂತು. ಒಂದು ಸಂಜೆ ಅವರ ಮನೆಗೆ ಹೋದೆ. ಅವರ ಹೆಂಡತಿ ಕಾಲಿಗೆ ನೀರು ಕೊಟ್ಟರು. ಬೂಟು ಬಿಚ್ಚಲೇಬೇಕಾಯಿತು. ಜಗುಲಿಯ ಮೇಲೆ ನಿಂತು ನೀರು ಹಾಕಿಕೊಳ್ಳುತ್ತಿದ್ದಾಗ ಮೇಷ್ಟ್ರು ಒಳಗಿನಿಂದ, "ಅಲ್ಲೇ ಇರಿ ಪಂಡಿತರೇ, ಅಲ್ಲಾಡಬೇಡಿ" ಎಂದು ಕೂಗಿ ಹಲಗೆ ಕಾಗದ ಹಿಡಿದು ಓಡಿಬಂದರು. ಅರ್ಧ ಗಂಟೆ ಒದ್ದೆ ಕಾಲಲ್ಲಿ ಕೂರಿಸಿದರು.

"ಆ ಬೆರಳೊಂದನ್ನ ಬಿಟ್ಟುಬಿಡಿ ಮೇಷ್ಟ್ರೇ" ಎಂದೆ.

"ಅದಕ್ಕೇ ಅಲ್ವಾ ಬರೀತಿರೋದು. ಪಾಪ, ಪಕ್ಕದೋನ ಹೆಗಲ ಮೇಲೆ ಕೈ ಹಾಕ್ಕೊಂಡು ಕೂತದೆ. ಅದನ್ನ ಬೈಯಬಾರದು."

ನನ್ನ ಆ ಬೆರಳಿನ ಬಗ್ಗೆ ಒಳ್ಳೆಯ ಮಾತನ್ನು ಅದುವರೆಗೆ ಯಾರೂ ಆಡಿರಲಿಲ್ಲ. ಬರೆದ ಕಾಗದವನ್ನು ಅವರು ನನಗೆ ತೋರಿಸಲಿಲ್ಲ. ಚಿತ್ರವನ್ನೂ ಅಷ್ಟೆ, ಯಾರಿಗೂ ಕಾಣದಂತೆ ಗೋಡೆಯ ಕಡೆ ಮುಖ ಮಾಡಿ ನಿಲ್ಲಿಸಿದ್ದರು.

ಗುರುವಾರದ ಪೂಜೆಯ ಹೊತ್ತಿಗೆ ಚಿತ್ರ ಗೋಡೆಯ ಮೇಲಿರಬೇಕೆಂದು ಅವರು ತಿಂಗಳುಗಟ್ಟಲೆ ಹೆಣಗಿ, ಎರಡು ವಾರ ಮೊದಲೇ, ಒಂದು ಶನಿವಾರ ಮಧ್ಯಾಹ್ನ ತಂದು ಏರಿಸಿದರು. ಅವಸರದಲ್ಲಿ ಒಂದನ್ನು ಮರೆತಿದ್ದರು. ಪಾಸ್ಕಕ್ಕೆ ಮುಂಚಿನ ನಲವತ್ತು ದಿನದ ತಪಸ್ಸು ಕಾಲದಲ್ಲಿ ಕೊನೆಯ ಎರಡು ವಾರ ಚರ್ಚಿನ ಎಲ್ಲ ಪ್ರತಿಮೆಗೂ ಪಟಕ್ಕೂ ನೇರಳೆ ಬಟ್ಟೆ ಮುಚ್ಚುವುದು ನಮ್ಮಲ್ಲಿ ಪದ್ಧತಿ. ಪಾಸ್ಕದ ತನಕ ಅದನ್ನು ತೆಗೆಯುವಂತಿಲ್ಲ. ಆ ಮುಚ್ಚುವ ದಿನವೇ ಅದು. ಸಂಜೆಯಾಗುತ್ತಲೇ ಸಂತರೆಲ್ಲರ ಜೊತೆ ಮೇಷ್ಟ್ರ ಚಿತ್ರಕ್ಕೂ ಮುಸುಕು ಬಿತ್ತು. ಗೋಡೆಗೆ ಏರಿದ್ದಕ್ಕೂ ಮುಸುಕಿಗೂ ನಡುವೆ ಎರಡು ಗಂಟೆ ಇದ್ದಿರಬಹುದು. ಅಷ್ಟರಲ್ಲಿ ಚರ್ಚಿಗೆ ಬಂದು ಹೋದವರು ಬೆರಳೆಣಿಕೆಯ ಜನ. ಅವರಲ್ಲಿ ಇನ್ನಾಸಪ್ಪನವರೂ ಒಬ್ಬರು. ನಾನು ಹೊಳೆನರಸೀಪುರದಲ್ಲಿ ಅಕ್ಕನ ಮನೆಯಲ್ಲಿದ್ದೆ. ಭಾನುವಾರ ಬರುವಷ್ಟರಲ್ಲಿ ಗೋಡೆಯ ಮೇಲೆ ನೇರಳೆ ಬಟ್ಟೆ ಮಾತ್ರ ಇತ್ತು.

ಮುಚ್ಚಿದ ಮೇಲೆ ಚಿತ್ರ ಬೆಳೆಯಲು ಶುರುವಾಯಿತು. ಸೋಮವಾರ ಕೇಳಿದಾಗ, ಅದರಲ್ಲಿ ಯೇಸುಸ್ವಾಮಿಯ ಮುಖವೇ ಇಲ್ಲ, ಬರೀ ಬೆನ್ನು ಅಂತೆ. ಬುಧವಾರದ ಹೊತ್ತಿಗೆ ಶಿಷ್ಯರೆಲ್ಲ ಜಟಕಾದವರು, ಹಮಾಲಿಗಳು, ಒಬ್ಬನೂ ಕ್ರೈಸ್ತನಲ್ಲ ಅಂತೆ. ಕಾಲುಗಳೆಲ್ಲ ಕೊಳಕು ಅಂತೆ. ಶುಕ್ರವಾರ ಎಲ್ಲಕ್ಕಿಂತ ದೊಡ್ಡದು ಬಂತು. ಸ್ವಾಮಿ ಕೈಯಲ್ಲಿ ಹಿಡಿದು ತೊಳೆಯುತ್ತಿರುವುದು ಯೂದಾಸನ ಕಾಲು, ಹಣಕ್ಕೆ ಸ್ವಾಮಿಯನ್ನು ಹಿಡಿದುಕೊಟ್ಟ ದ್ರೋಹಿಯ ಕಾಲು, ಅವನ ಕೈಯಲ್ಲಿ ಹಣದ ಚೀಲ ಕೂಡ ಇದೆ ಅಂತೆ.

ಶುಕ್ರವಾರ ಶಿಲುಬೆ ಹಾದಿಯ ಪ್ರಾರ್ಥನೆ ಮುಗಿಸಿ ಹೊರಬಂದಾಗ ಇನ್ನಾಸಪ್ಪನವರು ನನ್ನನ್ನು ಪಕ್ಕಕ್ಕೆ ಕರೆದರು. ಮುಸುಕು ತೆಗೆಯುವುದರೊಳಗೆ, ಆ ಚಿತ್ರವನ್ನು ತೆಗೆಸಬೇಕೆಂದು ಬಿಷಪ್ಪರಿಗೆ ಒಂದು ಅರ್ಜಿ ಹೋಗಬೇಕು ಎಂದರು.

"ನೀವೇ ಬರ್ದುಕೊಡಿ ಪಂಡಿತರೇ. ನಿಮ್ಮ ಕನ್ನಡ ನಾಟುತ್ತೆ."

"ನಾನಿನ್ನೂ ಚಿತ್ರ ನೋಡಿಲ್ವಲ್ಲ. ಒಂದ್ಸಲ ಬಟ್ಟೆ ಸರಿಸಿ..."

"ಏನ್ರೀ ಹಿಂಗಂತೀರಾ? ಮುಚ್ಚಿದ್ಮೇಲೆ ಪಾಸ್ಕದ ತಂಕ ತೆಗೆಯೋ ಹಂಗಿದ್ಯಾ? ನಾನು ನೋಡಿವ್ನಲ್ಲ, ಸಾಲ್ದಾ? ಕಾಲು ತೊಳೆಸ್ಕೊತಾ ಕೂತಿರೋನೇ ಯೂದಾಸ ಕಣ್ರೀ." ಆಮೇಲೆ ದನಿ ಇಳಿಸಿ, "ನಿಮ್ಮ ಕೆಲಸ ಕಾಯಂ ಮಾಡೋ ವಿಚಾರ ಈ ಜೂನಲ್ಲಿ ಕಮಿಟಿಗೆ ಬತ್ತದೆ, ಅಲ್ವಾ?" ಎಂದರು.

ನಾನು ಬರೆದೆ. ಬಲವಂತಕ್ಕೆ ಬರೆದೆ ಎಂದು ಹೇಳಿಕೊಂಡರೆ ಅದು ಸುಳ್ಳಾಗುತ್ತದೆ. ಬರೆಯುತ್ತ ಬರೆಯುತ್ತ ನನಗೆ ಹುಮ್ಮಸ್ಸು ಬಂತು. 'ದ್ರೋಹಿಯ ಮಲಿನ ಪಾದವನ್ನು ಪ್ರಭುವಿನ ಪವಿತ್ರ ಹಸ್ತದಲ್ಲಿರಿಸಿ ನಮ್ಮ ಭಕ್ತಿಯನ್ನು ಅಣಕಿಸಿರುವ ಈ ಪಟವು' ಎಂಬ ಸಾಲು ಹೊಳೆದಾಗ ನಾನೇ ಅದನ್ನು ಎರಡು ಸಲ ಗಟ್ಟಿಯಾಗಿ ಓದಿಕೊಂಡೆ. ಊರಿನ ಕ್ರೈಸ್ತರೆಲ್ಲ ಸಾಲಾಗಿ ನಿಂತು ಸಹಿ ಹಾಕಿದರು. ಚಿತ್ರ ನೋಡಿದವರ ಸಹಿ ಅದರಲ್ಲಿ ಎರಡೋ ಮೂರೋ ಇದ್ದಿರಬೇಕು.

ಆ ಶನಿವಾರ ಊರಲ್ಲಿಲ್ಲದ ಪಾದ್ರಿಗಳೂ ಚಿತ್ರ ನೋಡಿರಲಿಲ್ಲ. ಅವರು ಅರ್ಜಿಯ ನಕಲನ್ನು ಮೇಷ್ಟ್ರಿಗೆ ತೋರಿಸಿ, ಯೂದಾಸನ ಕೈಲಿರುವ ಚೀಲ ಒಂದನ್ನು ಅಳಿಸಿಬಿಡು, ಅವನನ್ನೇ ಹಿರಿಯ ಶಿಷ್ಯ ಪೇತ್ರನೆಂದು ಹೇಳಿ ಮುಗಿಸೋಣ ಎಂದರಂತೆ. "ಇಲ್ಲದ್ದನ್ನ ಹೇಗೆ ಅಳಿಸಲಿ ಫಾದರ್? ಪಾಸ್ಕದ ದಿನ ಬಟ್ಟೆ ತೆಗೀತೀರಲ್ಲ, ಎಲ್ಲಾರೂ ನೋಡ್ಲಿ" ಎಂದು ಮೇಷ್ಟ್ರು ಎದ್ದು ಬಂದರಂತೆ. ಇದನ್ನು ಮೊಂಡಾಟ ಎಂದರು ಜನ. ನಾನೂ ಎಂದೆ.

ಮಾರನೆಯ ದಿನ ಸ್ಟಾಫ್ ರೂಮಿನಲ್ಲಿ ಮೇಷ್ಟ್ರು ನನ್ನ ಎದುರಿನ ಕುರ್ಚಿಯಲ್ಲಿ ಬಂದು ಕೂತರು. ಆವತ್ತು ಕಾಲು ನೋಡಲಿಲ್ಲ, ನೇರವಾಗಿ ಮುಖ ನೋಡಿದರು.

"ಅರ್ಜಿ ಓದಿದೆ ಪಂಡಿತರೇ. ಮೂರನೇ ಸಾಲು ಬಹಳ ಚೆನ್ನಾಗಿ ಬಂದಿದೆ. ಒಂದ್ಸಲ ನೋಡಿ ಬರ್ದಿದ್ರೆ ಇನ್ನೂ ಚೆನ್ನಾಗಿರ್ತಿತ್ತು."

ಸಿಟ್ಟಿನಿಂದ ಹೇಳಿದ್ದರೆ ತಿರುಗಿ ಏನಾದರೂ ಹೇಳುತ್ತಿದ್ದೆ. ಬೋರ್ಡಿನ ಮೇಲೆ ಹುಡುಗರ ಗೆರೆ ತಿದ್ದುವಾಗ ಹೇಗೆ ಮಾತಾಡುತ್ತಿದ್ದರೋ ಹಾಗೆಯೇ ಹೇಳಿದರು. ನನಗೆ ನಾಚಿಕೆಯಾಯಿತು. ಇದನ್ನು ಬರೆಯುವಾಗಲೂ ಆಗುತ್ತಿದೆ.

ಪಾಸ್ಕ ಬಂತು. ಘಂಟೆಗಳು ಬಾರಿಸಿದವು, ಮುಸುಕುಗಳು ಒಂದೊಂದಾಗಿ ಇಳಿದವು. ದೇವಮಾತೆ ಕಂಡಳು, ಸಂತ ಜೋಜಪ್ಪ ಕಂಡರು, ಸಂತ ಅಂತೋಣಪ್ಪ ಕಂಡರು. ಬಲಗಡೆಯ ಗೋಡೆಯ ಮುಸುಕು ಮಾತ್ರ ಹಾಗೆಯೇ ಉಳಿಯಿತು. ಬಿಷಪ್ಪರ ಉತ್ತರ ಬರಲಿ ಎಂದರು ಪಾದ್ರಿಗಳು. ಉತ್ತರ ಮಳೆಗಾಲದಲ್ಲಿ ಬಂತು. ಸ್ಥಳೀಯವಾಗಿ ಶಾಂತಿಯಿಂದ ಬಗೆಹರಿಸಿಕೊಳ್ಳತಕ್ಕದ್ದು ಎಂದಿತ್ತು. ಚಿತ್ರ ತೆಗೆದರೆ ಮೇಷ್ಟ್ರಿಗೆ ಬೇಸರ, ಬಟ್ಟೆ ತೆಗೆದರೆ ಇನ್ನಾಸಪ್ಪನವರಿಗೆ ಬೇಸರ. ಪಾದ್ರಿಗಳು ಎರಡನ್ನೂ ಮುಟ್ಟಲಿಲ್ಲ. ಆ ಜೂನಿನಲ್ಲಿ ನನ್ನ ಕೆಲಸ ಕಾಯಂ ಆಯಿತು.

ಹೀಗೆ ಏಳು ವರ್ಷ. ಬಟ್ಟೆಗೆ ಧೂಳು ಹಿಡಿದಾಗ ಬದಲಿಸುವ ಕೆಲಸ ಹೆಂಗಸರ ಸಂಘದ್ದು. ಅವರು ಹೊಸ ಬಟ್ಟೆಯನ್ನು ಮೇಲಿಂದ ಹೊದಿಸಿ, ಅದರ ಅಡಿಯಿಂದ ಹಳೆಯದನ್ನು ಎಳೆದುಕೊಳ್ಳುತ್ತಿದ್ದರು. ಕೆರೆಯ ಹತ್ತಿರ ಹೆಂಗಸರು ಒದ್ದೆ ಸೀರೆ ಬದಲಿಸುವ ಹಾಗೆ. ಅಷ್ಟು ಜೋಪಾನ. ಕದ್ದು ನೋಡುವುದು ನನಗೇನೂ ಕಷ್ಟವಿರಲಿಲ್ಲ. ಸಂಜೆ ಚರ್ಚು ಖಾಲಿ ಇರುತ್ತಿತ್ತು. ಒಂದೆರಡು ಸಲ ಬಟ್ಟೆಯ ಅಂಚಿನವರೆಗೂ ಹೋದೆ. ನೋಡಿದರೆ ನಾನು ಬರೆದದ್ದು ಸುಳ್ಳೆಂದು ಗೊತ್ತಾಗಿಬಿಟ್ಟರೆ ಎಂದು ಹೆದರಿ ಕೈ ಬಿಟ್ಟೆ.

ಮೇಷ್ಟ್ರು ಮಾತ್ರ ಒಂದು ಭಾನುವಾರವೂ ತಪ್ಪಿಸಲಿಲ್ಲ. ಆ ಮುಸುಕಿನ ನೇರ ಎದುರಿಗೆ, ನೆಲದ ಮೇಲೆ ಕೂರುತ್ತಿದ್ದರು. ಪಾದ್ರಿಗಳ ಉಪದೇಶ ನಡೆಯುವಾಗ ಬಟ್ಟೆಯನ್ನೇ ನೋಡುತ್ತಿದ್ದರು. ಅದರಲ್ಲಿ ಏನು ನೋಡುತ್ತೀರಿ ಎಂದು ಯಾರೋ ಕೇಳಿದ್ದಕ್ಕೆ, "ಎಡಗಡೆ ಮೂಲೇಲಿ ನೆರಳು ಸ್ವಲ್ಪ ಜಾಸ್ತಿ ಆಯ್ತೇನೋ ಅಂತ ಯೋಚನೆ" ಎಂದಿದ್ದರು. ಆಮೇಲೆ ಚರ್ಚಿನವರು ಅವರಿಗೆ ಯಾವ ಕೆಲಸವನ್ನೂ ಕೊಡಲಿಲ್ಲ. ಇಪ್ಪತ್ತು ವರ್ಷದಿಂದ ಕ್ರಿಸ್ಮಸ್ಸಿನಲ್ಲಿ ಬಾಲಯೇಸುವಿಗೆ ಕಟ್ಟುವ ಗೋದಲಿಯ ಹಿಂದಿನ ಆಕಾಶ ಬರೆಯುತ್ತಿದ್ದವರು ಅವರು. ಅದನ್ನೂ ಬೇರೆಯವರಿಗೆ ಕೊಟ್ಟರು. ಆ ವರ್ಷ ಗೋದಲಿಯ ಮುಂದೆ ಅವರು ತುಂಬ ಹೊತ್ತು ನಿಂತಿದ್ದನ್ನು ಕಂಡೆ. ಆಕಾಶಕ್ಕೆ ಬಟ್ಟೆಗೆ ಹಾಕುವ ನೀಲಿ ಬಳಿದಿದ್ದರು. ಮೇಷ್ಟ್ರು ಶಿಲುಬೆ ಗುರುತು ಹಾಕಿಕೊಂಡು ಹೊರಟುಹೋದರು.

ಹಳ್ಳಿಯವರು ಮಾತ್ರ ಕೈ ಬಿಡಲಿಲ್ಲ. ದಂಡಿಗನಹಳ್ಳಿ ಕಡೆ ಒಂದು ನಾಟಕದಲ್ಲಿ ಅವರ ಕಾಡಿನ ಪರದೆ ಬಿಚ್ಚಿಕೊಂಡ ಕೂಡಲೇ ಜನ ಶಿಳ್ಳೆ ಹೊಡೆದರಂತೆ, ಆಟ ನಿಲ್ಲಿಸಿ ಇವರನ್ನು ರಂಗದ ಮೇಲೆ ಕರೆದು ಶಾಲು ಹೊದಿಸಿದರಂತೆ. ಅಲ್ಲಿಂದ ವಾಪಸು ಬರುವಾಗ ಶಾಂತಿಗ್ರಾಮದಲ್ಲಿ ನಾನು ಅದೇ ಬಸ್ಸು ಹತ್ತಿದೆ. ಅವರ ಪಕ್ಕದ ಜಾಗ ಮಾತ್ರ ಖಾಲಿ ಇತ್ತು. ಶಾಲು ಮಡಿಲಲ್ಲಿತ್ತು. ಎಷ್ಟೋ ದಿನದಿಂದ ಗಂಟಲಲ್ಲಿದ್ದ ಮಾತನ್ನು ಅಲ್ಲೇ ಹೊರಹಾಕಿದೆ.

"ಮೇಷ್ಟ್ರೇ, ನನ್ನನ್ನ ಕ್ಷಮಿಸಬೇಕು."

"ಚಿತ್ರ ನೋಡಿದ್ರಾ?"

"ಇಲ್ಲ."

"ಮತ್ಯಾತಕ್ಕೆ ಕ್ಷಮೆ? ಏನು ತಪ್ಪು ಮಾಡಿದೀನಿ ಅಂತ ನಿಮಗೇ ಗೊತ್ತಿಲ್ವಲ್ಲ." ಇಷ್ಟು ಹೇಳಿ ಕಿಟಕಿಯ ಕಡೆ ತಿರುಗಿದರು. ಬಸ್ಸು ಹಾಸನ ತಲುಪುವ ಮೊದಲು ಶಾಲನ್ನು ಬಿಡಿಸಿ, "ಚಳಿ ಅದೆ, ಹೊದ್ಕೊಳಿ" ಎಂದು ಅರ್ಧವನ್ನು ನನ್ನ ಮೇಲೂ ಹೊದಿಸಿದರು.

ರಿಟೈರಾದ ಮೇಲೆ ಅರಕಲಗೂಡಿನಲ್ಲಿ ಮಗಳ ಮನೆಗೆ ಹೋದರು. ಹೋದ ಆಷಾಢದಲ್ಲಿ ಅಲ್ಲೇ ತೀರಿಕೊಂಡರು. ಹಾಸನದ ಚರ್ಚಿನಲ್ಲೇ ಪೂಜೆ ಆಗಬೇಕೆಂದು ಹೇಳಿದ್ದರಂತೆ. ಪೆಟ್ಟಿಗೆಯನ್ನು ವ್ಯಾನಿನಲ್ಲಿ ತಂದರು. ಎಲ್ಲಿ ಇಳಿಸಬೇಕು ಎಂದು ಕೇಳಿದಾಗ ಮಗಳು ಅವರು ಕೂರುತ್ತಿದ್ದ ಜಾಗವನ್ನೇ ತೋರಿಸಿದಳು.

ಹಳೆಯ ಪಾದ್ರಿಗಳು ಅಷ್ಟರಲ್ಲಿ ವರ್ಗವಾಗಿ ಹೋಗಿದ್ದರು. ಪೂಜೆ ಲ್ಯಾಟಿನ್ನು ಬಿಟ್ಟು ಕನ್ನಡಕ್ಕೆ ಬಂದಿತ್ತು. ಹೊಸ ಪಾದ್ರಿ ಚಿಕ್ಕ ವಯಸ್ಸಿನವರು, ಬಂದು ತಿಂಗಳಾಗಿತ್ತಷ್ಟೆ. ಅವರು ಪೆಟ್ಟಿಗೆಗೆ ತೀರ್ಥ ಚಿಮುಕಿಸಿ ತಲೆಯೆತ್ತಿದಾಗ ಎದುರಿಗೇ ಮುಸುಕು ಕಂಡಿತು.

"ಇದು ಇವರು ಬರೆದ ಚಿತ್ರವಂತಲ್ಲ. ಏನಿದೆ ಇದರಲ್ಲಿ?"

ಮುಂದೆ ನಿಂತಿದ್ದ ನನ್ನನ್ನೇ ಕೇಳಿದರು. "ನೀವು ನೋಡಿದ್ದೀರಾ?"

"ಇಲ್ಲ ಫಾದರ್."

"ಯಾರು ನೋಡಿದ್ದೀರಿ?"

ಎಲ್ಲರೂ ಇನ್ನಾಸಪ್ಪನವರ ಕಡೆ ತಿರುಗಿದರು. ಅವರು ಕೋಲೂರಿಕೊಂಡು ನಿಂತಿದ್ದರು. ವಯಸ್ಸಾಗಿತ್ತು, ತಲೆ ನಡುಗುತ್ತಿತ್ತು. "ನಾನು ನೋಡಿದ್ದೆ... ಬಾಗಿಲತ್ರ ನಿಂತು. ಅವತ್ತು ಕನ್ನಡಕ ಮನೇಲೇ ಬಿಟ್ಟು ಬಂದಿದ್ದೆ" ಎಂದರು. ಯಾರಿಗೂ ನಗು ಬರಲಿಲ್ಲ.

"ಹಾಗಾದರೆ ಈಗ ನೋಡೋಣ" ಎಂದರು ಪಾದ್ರಿ. ನಾನೇ ಮುಂದೆ ಹೋಗಿ ಬಟ್ಟೆಯನ್ನು ಎಳೆದೆ. ಅದು ಧೂಳಿನ ಜೊತೆ ನನ್ನ ತಲೆಯ ಮೇಲೆ ಬಿತ್ತು. ಬಿಡಿಸಿಕೊಂಡು ನೋಡಿದೆ.

ಮಣ್ಣಿನ ನೆಲ. ಗೋಡೆಯ ಉದ್ದಕ್ಕೂ ಹನ್ನೆರಡು ಜನ ಕೂತಿದ್ದಾರೆ. ಅವರ ಮೊಣಕಾಲಿನ ಮೇಲೆಲ್ಲ ಮುಸ್ಸಂಜೆಯ ಕತ್ತಲು, ಮುಖ ಅಷ್ಟಷ್ಟೇ ಕಾಣುತ್ತದೆ. ಬೆಳಕೆಲ್ಲ ಕಾಲುಗಳ ಮೇಲೆ. ಬಿರುಕು ಬಿಟ್ಟ ಹಿಮ್ಮಡಿಗಳು, ಕಪ್ಪಾದ ಉಗುರುಗಳು, ಜಟಕಾದ ಮುದುಕನ ಊದಿದ ಹರಡು. ಯೇಸುಸ್ವಾಮಿ ಬೆನ್ನು ಬಗ್ಗಿಸಿ ನೆಲದ ಮೇಲೆ ಕೂತಿದ್ದಾರೆ, ಪಕ್ಕದಲ್ಲಿ ನಮ್ಮ ಮನೆಗಳಲ್ಲಿರುವಂಥದೇ ಹಿತ್ತಾಳೆ ತಂಬಿಗೆ. ನಾನು ಯೂದಾಸನನ್ನು ಹುಡುಕಿದೆ. ಈ ತುದಿಯಿಂದ ಆ ತುದಿಗೆ ಎರಡು ಸಲ ಹುಡುಕಿದೆ. ಯಾರ ಕೈಯಲ್ಲೂ ಚೀಲವಿಲ್ಲ. ಹನ್ನೆರಡರಲ್ಲಿ ಯಾರು ಅವನೆಂದು ಹೇಳುವ ಒಂದು ಗುರುತೂ ಇಲ್ಲ.

ಕೊನೆಗೆ ಸ್ವಾಮಿಯ ಕೈಯಲ್ಲಿದ್ದ ಕಾಲನ್ನು ನೋಡಿದೆ. ನಾನು ದ್ರೋಹಿಯ ಮಲಿನ ಪಾದ ಎಂದು ಬರೆದ ಕಾಲು. ಎಡಗಾಲು. ನೀರು ಇಳಿಯುತ್ತಿತ್ತು. ಕಿರುಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿತ್ತು, ಸ್ವಾಮಿಯ ಹೆಬ್ಬೆರಳು ಅದರ ಮೇಲೆ ಮೆಲ್ಲಗೆ ಇತ್ತು.

ಹಿಂದೆ ಯಾರೋ ಪಿಸುಗುಟ್ಟಿದರು. ಜನ ಚಿತ್ರದಿಂದ ಕಣ್ಣು ಕಿತ್ತು ನನ್ನ ಬರಿಗಾಲುಗಳ ಕಡೆ ನೋಡತೊಡಗಿದರು. ಎಡಗಾಲು ತನ್ನಷ್ಟಕ್ಕೆ ತಾನೇ ಬಲಗಾಲಿನ ಹಿಂದಕ್ಕೆ ಹೋಗಿತ್ತು. ಅದನ್ನು ಮುಂದಕ್ಕೆ ತಂದು, ಮೇಷ್ಟ್ರ ಪೆಟ್ಟಿಗೆಯ ಪಕ್ಕದಲ್ಲಿ, ಎಲ್ಲರಿಗೂ ಕಾಣುವ ಹಾಗೆ ಊರಿ ನಿಂತೆ.